ಥಿಯೋಡೋರ್ ಪಾರ್ಕರರು
(ಉಪನ್ಯಾಸ)



ಕ್ರೈಸ್ತರಲ್ಲಿ ದೇವನ ತ್ರಿತ್ವವನ್ನೊಪ್ಪದೆ ಆತನ ಏಕತ್ವವನ್ನು ಸಾರುವ ಪಂಥವೊಂದುಂಟು. ಅದಕ್ಕೆ ಯೂನಿಟೇರಿಯನ್ ಪಂಥವೆಂದು ಹೆಸರು. ಅಮೇರಿಕೆಯಲ್ಲಿ ಆ ಪಂಥದ ಉಪದೇಶಕರಾಗಿದ್ದ ಥಿಯೋಡೋರ್ ಪಾರ್ಕರರ ವಿಷಯವಾಗಿ ನಾಲ್ಕು ಮಾತುಗಳನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವೆವು.

ಮೆಸಾಚುಸೆಟ್ಸ್ ಪ್ರಾಂತದ ಲೆಕ್ಸಿಂಗ್ಟನ್ನಿನಲ್ಲಿ, ಬಡ ರೈತನ ಮನೆಯಲ್ಲಿ, ಅವರು 1810ರಲ್ಲಿ ಜನಿಸಿದರು. 1775ರಲ್ಲಿ ಅದೇ ಊರ ಬಯಲಿನಲ್ಲಿ ಆಂಗ್ಲ ಸೈನ್ಯಕ್ಕೆ ಎದುರಾಗಿ ನಿಂತ ಪಡೆಯ ನಾಯಕನು ಅವರ ಅಜ್ಜ. ಹಾರ್ವರ್ಡ್ ವಿದ್ಯಾಲಯದ ಪ್ರವೇಶಪರೀಕ್ಷೆಯಲ್ಲಿ 1830ರಲ್ಲಿ ತೇರ್ಗಡೆಯಾದರೂ ಫೀ ತೆರುವ ಶಕ್ತಿ ಸಾಲದೆ ಮನೆಯಲ್ಲಿಯೇ ಓದಿದರು. 1837ರಲ್ಲಿ ವೆಸ್ಟ್ ರಾಕ್ಸ್‌ಬರಿಯಲ್ಲಿ ಉಪದೇಶಕರಾದರು.

1841ರಲ್ಲಿ ಅವರು ಮಾಡಿದ ಒಂದು ಪ್ರವಚನವು ಕೋಲಾಹಲವನ್ನೆಬ್ಬಿಸಿತು. ಮತದ ಆಚಾರ ಸಿದ್ಧಾಂತಗಳು ಕಾಲಕ್ಕೆ ತಕ್ಕಂತೆ ಅಳಿಯತಕ್ಕವು, ದೇವಪ್ರೇಮ ಮನುಷ್ಯಪ್ರೇಮಗಳೇ ಉಳಿಯತಕ್ಕವು. ಯೇಸುವಿನ ಮಾತು ಸತ್ಯವಾದುದರಿಂದ ಗ್ರಾಹ್ಯವೇ ಹೊರತು ಯೇಸು ನುಡಿದನೆಂಬುದರಿಂದಲ್ಲ ಎಂಬುದು ಅದರ ತಾತ್ಪರ್ಯ. ವಿಚಾರಸ್ವಾತಂತ್ರ್ಯವನ್ನೇ ಬಿರುದಾಗಿ ಧರಿಸಿದ್ದ ಪಂಥವೇ ಇದಕ್ಕೆ ಬೆದರಿತೆಂಬುದು ವಿನೋದವಲ್ಲವೇ? ಬಾಸ್ಟನ್ನಿನ ಬಹುಮಂದಿ ಉಪದೇಶಕರು ತಮ್ಮ ವೇದಿಕೆಗಳನ್ನು ಅವರಿಗೆ ಕೊಡದಾದರು. ಆದರೆ ಜನರು ಬಿಡಲಿಲ್ಲ. 1852ರಿಂದ ಮ್ಯೂಜಿಕ್ ಹಾಲ್ ಎಂಬ ಸಭಾಗೃಹದಲ್ಲಿ ರವಿವಾರಗಳಲ್ಲಿ ಸುಮಾರು 2,000 ಜನರು ಅವರ ಮಾತಿಗೆ ಕಿವಿಗೊಡುತ್ತಿದ್ದರು.

ಆ ಮಾತಿನ ಪರೀಕ್ಷೆಯು ಅಷ್ಟರಲ್ಲಾಗಲೇ ನಡೆದುಹೋಗಿತ್ತು. ಓಡಿಬಂದ ಗುಲಾಮರನ್ನು ಹಿಡಿದು ಒಡೆಯರಿಗೊಪ್ಪಿಸಬೇಕೆಂಬ ಕಾಯಿದೆಯು 1850ರಲ್ಲಿ ಜಾರಿಯಾಯಿತು. ಅದಕ್ಕೆ ರುಜು ಹಾಕಿದ ರಾಷ್ಟ್ರಾಧ್ಯಕ್ಷ ಫಿಲ್ಮೋರರೂ ಯೂನಿಟೇರಿಯನ್ನರೇ! ಜಾರ್ಜಿಯಾ ಪ್ರಾಂತದಿಂದ, ಹೆಂಡತಿಯು ಬಿಳಿಯ ಗೃಹಸ್ಥನ ವೇಷದಲ್ಲಿಯೂ ಗಂಡನು ಆಕೆಯ ಸೇವಕನಂತೆಯೂ ತಪ್ಪಿಸಿಕೊಂಡು ಬಂದಿದ್ದ ಎಲೆನ್ ಮತ್ತು ವಿಲಿಯಂ ಕ್ರಾಫ್ಟ್ ಎಂಬ ದಂಪತಿಗಳನ್ನು ಹುಡುಕಿಕೊಂಡು ಜನರು ಬಾಸ್ಟನ್ನಿಗೆ ಬಂದರು. ಪಾರ್ಕರರು ಎಲೆನ್ನಳನ್ನು ತಮ್ಮ ಮನೆಯಲ್ಲಿ ಅಡಗಿಸಿಟ್ಟರು. ಆ ದಿನಗಳಲ್ಲಿ ಅವರು ಪ್ರವಚನ ಬರೆಯುವಾಗ ಬಳಿಯಲ್ಲಿಯೇ ಪಿಸ್ತೂಲು ಇರುತ್ತಿತ್ತು.  ನವೆಂಬರಿನಲ್ಲಿ ಆ ದಂಪತಿಗಳಿಗೆ ವಿಧಿವತ್ತಾಗಿ ವಿವಾಹ ಮಾಡಿಸಿ, ವರನ ಕೈಗೆ ಬೈಬಲ್ಲನ್ನೂ ಆಯುಧವನ್ನೂ ಕೊಟ್ಟು, ಹೆಂಡತಿಯನ್ನು ರಕ್ಷಿಸುವುದು ನಿನ್ನ ಧರ್ಮವೆಂದರು. ಅವರಿಬ್ಬರೂ ಇಂಗ್ಲೆಂಡಿಗೆ ಸುರಕ್ಷಿತವಾಗಿ ತಲುಪಿದರು.

ಮುಂದೆ ಇಂಥದೇ ಇನ್ನೊಂದು ಪ್ರಕರಣದಲ್ಲಿ ಪಾರ್ಕರರ ಮೇಲೆಯೇ ಖಟ್ಲೆ ಹೂಡಲಾಯಿತು. 1855ರಲ್ಲಿ ಅದು ಬಿದ್ದುಹೋದರೂ ಅವರು ಸುಮ್ಮನಾಗದೆ, ನ್ಯಾಯಾಲಯದಲ್ಲಿ ಹೇಳಬೇಕೆಂದಿದ್ದುದನ್ನೆಲ್ಲ ಗ್ರಂಥವಾಗಿ ಅಚ್ಚು ಹಾಕಿಸಿದರು.

ದೋಷವನ್ನು ನಾವು ಮರೆಮಾಚಲಾರೆವು. ಗುಲಾಮರಿಗಾಗಿ ಪ್ರಾಣ ಕೊಡಲು ಸಿದ್ಧರಾಗಿದ್ದ ಇವರೇ ಆಂಗ್ಲೋ-ಸ್ಯಾಕ್ಸನ್ ಕುಲವು ಮಿಕ್ಕವರಿಗಿಂತ ಮೇಲೆಂದು ನಂಬಿದ್ದರು.

ಕ್ಷಯರೋಗದಿಂದ ಬಳಲಿ 1860ರ ಮೇ 10ರಂದು ಇಟಲಿಯ ಫ್ಲಾರೆನ್ಸಿನಲ್ಲಿ ತೀರಿಕೊಂಡರು. 1887ರಲ್ಲಿ ಆ ನಗರಕ್ಕೆ ಬಂದ ಫ್ರೆಡರಿಕ್ ಡಗ್ಲಸರು, ತಾವೂ ಒಮ್ಮೆ ಗುಲಾಮರಾಗಿದ್ದವರು, ಪಾರ್ಕರರ ಸಮಾಧಿಯನ್ನು ಅರಸಿಕೊಂಡು ಹೋದರು.