ಮಲ್ಲಿಗೆ ಕಟ್ಟುವ ಕೈಗೆ ಲೆಕ್ಕದ ಬಲ
(ಭಾಷಣದ ಪಾಠ)



ಪಡುಬಿದ್ರಿಯಿಂದ ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟು, ಕಾಪು ದಾಟಿ, ಕಟಪಾಡಿಯಲ್ಲಿ ಒಳದಾರಿ ಹಿಡಿದರೆ ಶಂಕರಪುರ ಸಿಗುತ್ತದೆ. ಉಡುಪಿ ಮಲ್ಲಿಗೆಯ ಆಯಾ ದಿನದ ದರ ಗೊತ್ತಾಗುವುದು ಇಲ್ಲಿಂದಲೇ. 2007-08ರಲ್ಲಿ ಈ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಹೂವಿನ ಹೆಸರು ಮುಂಬಯಿಯವರೆಗೆ ಹೋಗಿದೆ. ಆದರೆ ಅದನ್ನು ನಸುಕಿನಲ್ಲಿ ಕೊಯ್ದು, ಬಾಳೆನಾರಿನಲ್ಲಿ ಕಟ್ಟುವ ಹೆಣ್ಣುಮಗಳಿಗೆ ಆ ದರ ಹೇಗೆ ಬಂತು, ಅದರಲ್ಲಿ ತನ್ನ ಪಾಲೆಷ್ಟು ಎಂಬುದು ಗೊತ್ತಿದೆಯೇ ಎಂಬುದೇ ಇಂದಿನ ವಿಷಯ.

ಈ ಭಾಗದ ಒಬ್ಬ ಯುವತಿಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಿ. ಹತ್ತನೆಯ ತರಗತಿ ಮುಗಿಸಿದ್ದಾಳೆ. ತಾಯಿ ಬೀಡಿ ಕಟ್ಟುತ್ತಿದ್ದವರು. ಮನೆಯ ಹಿತ್ತಿಲಲ್ಲಿ ಮೂವತ್ತು ನಲವತ್ತು ಮಲ್ಲಿಗೆ ಗಿಡಗಳಿವೆ. ಬೆಳಿಗ್ಗೆ ಮೊಗ್ಗು ಅರಳುವ ಮುನ್ನ ಕೊಯ್ಯುವುದು, ಹೂವಿನವರು ಬರುವುದರೊಳಗೆ ಕಟ್ಟಿ ಮುಗಿಸುವುದು ಅವಳ ಕೆಲಸ. ಹಣದ ಮಾತು ಮಾತ್ರ ಅಣ್ಣನದು, ಇಲ್ಲವೆ ತಂದೆಯದು. ಅಂಗಳಕ್ಕೆ ಹೊಸಬರು ಬಂದರೆ ಅವಳು ಬಾಗಿಲ ಹಿಂದೆ ನಿಲ್ಲುತ್ತಾಳೆ. ಇದನ್ನು ನಾಚಿಕೆ ಎನ್ನುವುದು ರೂಢಿ. ವಾಸ್ತವದಲ್ಲಿ ಅದು ಬಹುಮಟ್ಟಿಗೆ ಲೆಕ್ಕ ತಿಳಿಯದ್ದರ ಅಳುಕು.

ಲೆಕ್ಕ ಕಠಿಣವೇನಲ್ಲ. 800 ಹೂವಿಗೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದರೆ 3,200 ಹೂವು. ಅಟ್ಟೆಗೆ 400 ರೂಪಾಯಿ ದರವಿದೆ ಎಂದಿಟ್ಟುಕೊಂಡರೆ ಚೆಂಡಿಗೆ 100 ರೂಪಾಯಿ, ನೂರು ಹೂವಿಗೆ ಹನ್ನೆರಡೂವರೆ ರೂಪಾಯಿ. ಈ ದರವನ್ನು ಕೇವಲ ಲೆಕ್ಕದ ಸೌಕರ್ಯಕ್ಕಾಗಿ ಹಿಡಿದದ್ದು. ಮದುವೆ, ನವರಾತ್ರಿಗಳ ದಿನಗಳಲ್ಲಿ ದರ ಏರುತ್ತದೆ. ಶುಭಕಾರ್ಯಗಳಿಲ್ಲದ ಆಟಿ ತಿಂಗಳಲ್ಲಿ ಬೇಡಿಕೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೂವು ವಿಪುಲವಾಗಿ ಬಂದಾಗ ದರ ಕುಸಿಯುವುದೂ ಉಂಟು. ಹಿಂಡಿ, ಗೊಬ್ಬರ, ಮೊಗ್ಗು ಕೊರೆಯುವ ಹುಳುವಿನ ಔಷಧಿ, ನೆರೆಯವರಿಂದ ಕಟ್ಟಿಸಿದರೆ ಅವರ ಮಜೂರಿ, ಇಷ್ಟನ್ನೂ ಬರೆದಿಟ್ಟರೆ ಮಾತ್ರ ವರ್ಷದ ಕೊನೆಗೆ ಉಳಿದದ್ದೆಷ್ಟು ಎಂದು ತಿಳಿದೀತು. ತಾನು ಕಟ್ಟಿದ ಹೊತ್ತಿನ ಮಜೂರಿಯನ್ನು ಅವಳು ಬರೆಯುವುದೇ ಇಲ್ಲ. ಮನೆಯವರೂ ಬರೆಯುವುದಿಲ್ಲ. ಇದು ಸಣ್ಣ ಮರೆವಲ್ಲ.

ಇಂಥ ಯುವತಿಗೆ ಏನು ಕಲಿಸಬೇಕು? ಕಸುಬಷ್ಟನ್ನೇ ಕಲಿಸಿದರೆ ಸಾಲದೆಂಬುದನ್ನು ನಮ್ಮ ಕರಾವಳಿ ಬೇಗನೆ ಕಂಡುಕೊಂಡಿತು. 1982ರಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದೊಡನೆ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ನಿರುದ್ಯೋಗಿ ಯುವಕ ಯುವತಿಯರಿಗೆ ಊಟ, ವಸತಿ ಸಹಿತ ಉಚಿತ ತರಬೇತಿ ಕೊಟ್ಟು, ಅನಂತರವೂ ಅವರನ್ನು ವಿಚಾರಿಸಿಕೊಳ್ಳುವ ಪದ್ಧತಿ ಇದರದು. 2009ರಲ್ಲಿ ಕೇಂದ್ರ ಸರ್ಕಾರವು ಇದೇ ಮಾದರಿಯನ್ನು ದೇಶದ ಜಿಲ್ಲೆ ಜಿಲ್ಲೆಗೂ ವಿಸ್ತರಿಸಲು ಮುಂದಾಯಿತು. ಉಡುಪಿ ಜಿಲ್ಲೆಯವರಿಗೆ ಬ್ರಹ್ಮಾವರದಲ್ಲಿ ರುಡ್‌ಸೆಟ್ ಕೇಂದ್ರವಿದೆ.

ಇಂಥ ತರಬೇತಿಗಳಲ್ಲಿ ಬಳೆಯಂಥ ರಿಂಗನ್ನು ಎಸೆದು ನೆಟ್ಟ ಗೂಟಕ್ಕೆ ಹಾಕುವ ಆಟವೊಂದಿದೆ. ಎಷ್ಟು ದೂರದಿಂದ ಎಸೆಯಬೇಕೆಂಬುದನ್ನು ಆಡುವವರೇ ನಿರ್ಧರಿಸಬೇಕು. ದೂರ ಹೆಚ್ಚಿದಷ್ಟೂ ಅಂಕ ಹೆಚ್ಚು. ಗೂಟದ ಬುಡದಲ್ಲೇ ನಿಂತವರಿಗೆ ಗುರಿ ತಪ್ಪುವುದಿಲ್ಲ, ಆದರೆ ಅಂಕವೂ ಬರುವುದಿಲ್ಲ. ಬಹುದೂರ ಹೋಗಿ ನಿಂತವರು ಬರಿಗೈಯಲ್ಲಿ ಬರುತ್ತಾರೆ. ಒಮ್ಮೆ ಎಸೆದು ನೋಡಿ, ತಮ್ಮ ಕೈಯ ಅಳತೆ ತಿಳಿದು, ಮತ್ತೆ ಒಂದು ಹೆಜ್ಜೆ ಹಿಂದೆ ಸರಿದವರು ಹೆಚ್ಚು ಗಳಿಸುತ್ತಾರೆ. ಇದನ್ನು ಮಕ್ಕಳಾಟವೆಂದು ನಗುವವರಿದ್ದಾರೆ. ಸಾಲ ಮಾಡಿ ಒಂದೇ ಸಲ ಇನ್ನೂರು ಗಿಡ ನೆಟ್ಟು, ಕಟ್ಟುವ ಕೈ ಸಾಲದೆ ಹೂವನ್ನು ಗಿಡದಲ್ಲೇ ಬಿಟ್ಟವರು ಮಾತ್ರ ನಗಲಾರರು.

ಇನ್ನೊಂದು ಆಟದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಬೇಕು. ಎಷ್ಟು ತುಂಡು ಪೇರಿಸಬಲ್ಲೆನೆಂದು ಮೊದಲೇ ಹೇಳಬೇಕು. ಸುತ್ತ ನಿಂತವರಲ್ಲಿ ಕೆಲವರು ದಾರಿ ಹೇಳುತ್ತಾರೆ, ಕೆಲವರು "ನಿನ್ನಿಂದಾಗದು" ಎನ್ನುತ್ತಾರೆ. ಯಾರ ಮಾತನ್ನು ಕೇಳಬೇಕು, ಯಾವುದನ್ನು ಬಿಡಬೇಕೆಂಬುದನ್ನು ಅವಳು ಅಲ್ಲಿ ಕೈಯಿಂದಲೇ ಕಲಿಯುತ್ತಾಳೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಪಟ್ಟಿ ಮಾಡಿದ ಹತ್ತು ಜೀವನ ಕೌಶಲಗಳಲ್ಲಿ ನಿರ್ಧಾರ ಕೈಗೊಳ್ಳುವುದು, ತನ್ನನ್ನು ತಾನು ಅರಿಯುವುದು, ಮನದಟ್ಟಾಗುವಂತೆ ಮಾತನಾಡುವುದು ಇವೆಲ್ಲ ಸೇರಿವೆ. ಹೆಸರು ಹೊಸದು, ಅಷ್ಟೆ.

ಮಾತಿನ ಅಭ್ಯಾಸವನ್ನು ಗ್ರಾಮಸೇವಕಿಯರು, ಸ್ವಸಹಾಯ ಸಂಘದವರು ಊರಲ್ಲೇ ಮಾಡಿಸಬಹುದು. ಒಬ್ಬಳು ಹೂವಿನವನಾಗಲಿ, ಇನ್ನೊಬ್ಬಳು ಹೂವು ಕೊಡುವವಳಾಗಲಿ. "ಅಣ್ಣಾ, ಇವತ್ತಿನ ಅಟ್ಟೆಯ ದರ ಎಷ್ಟು? ನಿನ್ನೆಯದರಲ್ಲಿ ಅರ್ಧ ಚೆಂಡಿನ ಹಣ ಬಾಕಿ ಇದೆಯಲ್ಲ" ಎಂದು ದನಿ ನಡುಗದೆ ಹೇಳುವವರೆಗೂ ಅಭ್ಯಾಸ ನಡೆಯಲಿ. ಮನೆಮಾತು ತುಳುವಾದರೆ ತುಳುವಿನಲ್ಲೇ ಆಗಲಿ. ಬ್ಯಾಂಕಿನಲ್ಲಿ ಚಲನ್ ತುಂಬುವುದನ್ನೂ ಹೀಗೆಯೇ ಆಡಿಸಿ ತೋರಿಸಬಹುದು. ಬ್ಯಾಂಕು ಈ ನಾಡಿಗೆ ಹೊರಗಿನದೇನಲ್ಲ. 1928ರಲ್ಲಿಯೇ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೆ ಬಂದು ಪಿಗ್ಮಿ ಉಳಿತಾಯ ಕಟ್ಟಿಸಿಕೊಂಡ ಪ್ರದೇಶವಿದು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ ವಿಲೀನವಾಯಿತು. ದಿನದ ಹೂವಿನ ದುಡ್ಡಿನಲ್ಲಿ ಸ್ವಲ್ಪ ತೆಗೆದಿಡುವುದಕ್ಕೆ ಆ ಎರಡಾಣೆಯ ರೀತಿಯೇ ಇಂದಿಗೂ ಒಪ್ಪುತ್ತದೆ.

ಮನೆಯ ಹಿರಿಯರಲ್ಲಿ ಒಂದು ಮಾತು. ತರಬೇತಿಗೆ ಕಳುಹಿಸಿ, ಮರಳಿ ಬಂದ ಮೇಲೆ ಹೂವಿನ ಹಣವನ್ನು ಹಿಂದಿನಂತೆಯೇ ಅಣ್ಣನ ಕೈಗೆ ಕೊಡಿಸಿದರೆ ಕಲಿತದ್ದೆಲ್ಲ ತಿಂಗಳೊಪ್ಪತ್ತಿನಲ್ಲಿ ಕರಗುತ್ತದೆ. ಖಾತೆ ಅವಳ ಹೆಸರಿನಲ್ಲಿರಲಿ. ಮದುವೆಯಾಗಿ ಹೋಗುವವಳಿಗೆ ಗಿಡವೇಕೆ ಎಂಬ ವಾದವೂ ಕೇಳಿಬರುತ್ತದೆ. ಮಲ್ಲಿಗೆ ಕುಂಡದಲ್ಲಿಯೂ ಬರುತ್ತದೆ, ತಾರಸಿಯ ಮೇಲೂ ಬರುತ್ತದೆ. ಕಲಿತ ಕೈ ಹೋದಲ್ಲಿ ಗಿಡವೂ ಹೋದೀತು.

ಹೊಸದಾಗಿ ತೊಡಗುವವರು ಮುಂಗಾರು ಹಿಡಿದೊಡನೆ, ನೀರು ನಿಲ್ಲದ ಜಾಗದಲ್ಲಿ, ಚೆನ್ನಾಗಿ ಬೇರೊಡೆದ ಸಸಿಗಳನ್ನು ನೆಡಬೇಕು. ಮೊದಲ ವರ್ಷ ಮನೆಯವರೇ ಕಟ್ಟಿ ಮುಗಿಸಬಹುದಾದಷ್ಟೇ ಗಿಡ ಸಾಕು. ಗಿಡದ ಜೊತೆಗೇ ಒಂದು ನೋಟುಪುಸ್ತಕ ತನ್ನಿ. ಎಡಪುಟದಲ್ಲಿ ಖರ್ಚು, ಬಲಪುಟದಲ್ಲಿ ಅಟ್ಟೆ, ಚೆಂಡು, ಆ ದಿನದ ದರ, ಬಂದ ಹಣ. ಖರ್ಚಿನ ಪುಟದ ಮೊದಲ ಸಾಲಿನಲ್ಲಿಯೇ ಕಟ್ಟಿದವಳ ಮಜೂರಿಯನ್ನು ಬರೆಯಿರಿ.