ಬಾವುಟದ ಬಟ್ಟೆಗೊಂದು ನಕ್ಷೆ

ಬಟ್ಟೆಯ ಲೆಕ್ಕವನ್ನು ಮೀಟರಿನಲ್ಲಿ, ರೂಪಾಯಿಯಲ್ಲಿ ಹಾಕುವುದು ರೂಢಿ. ಅದನ್ನೇ ಚಿತ್ರವಾಗಿ ಬರೆದರೆ ಏನೇನು ಕಾಣುತ್ತದೆ ಎಂಬುದು ಮಾಲೆಯ ಈ ಉಪನ್ಯಾಸದ ವಿಷಯ. ಉದಾಹರಣೆಗೆ ಆಯ್ದುಕೊಂಡಿರುವುದು ಸಭಿಕರೆಲ್ಲ ಬಲ್ಲ ಬಟ್ಟೆ: ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ರಾಷ್ಟ್ರಧ್ವಜ.

ಇಂಥ ಚಿತ್ರಕ್ಕೆ ಮಾದರಿಯೊಂದು ಹೊರಗಿದೆ. 2010ರಲ್ಲಿ ಕ್ಯಾಲಿಫೋರ್ನಿಯಾದ ರೆಬೆಕಾ ಬರ್ಜೆಸ್ ಅವರು 150 ಮೈಲಿಯೊಳಗೆ ಸಿಗುವ ನಾರು, ಬಣ್ಣ ಮತ್ತು ದುಡಿಮೆಯಿಂದಲೇ ಒಂದು ವರ್ಷ ಉಡುಪು ಹೊಂದಿಸಿಕೊಳ್ಳಲು ಹೊರಟರು. ಫೈಬರ್‌ಶೆಡ್ ಎಂಬ ಸಂಸ್ಥೆ ಹುಟ್ಟಿದ್ದು ಹಾಗೆ. ಅದರ ಚಿತ್ರ ದುಂಡಗಿದೆ. ಮಣ್ಣಿನಿಂದ ಎದ್ದ ನಾರು ಮಣ್ಣಿಗೇ ಮರಳಬೇಕು.

ಅಂಥದೇ ವೃತ್ತವನ್ನು ಬೆಂಗೇರಿಯ ಸುತ್ತ ಎಳೆಯೋಣ. ಸರಕಿಗೆ ಕಪ್ಪು ಬಾಣ, ಹಣಕ್ಕೆ ಕೆಂಪು, ಸುದ್ದಿಗೆ ನೀಲಿ. ಹತ್ತಿಯನ್ನು ನೂಲಲು ಹದಮಾಡುವ ಖಾದಿ ಆಯೋಗದ ಹಂಜಿ ಘಟಕ ಇರುವುದು ಚಿತ್ರದುರ್ಗದಲ್ಲಿ. ಧ್ವಜದ ಬಟ್ಟೆ ನೇಯುವ ಮಗ್ಗಗಳು ಬಾಗಲಕೋಟೆ ಕಡೆಯ ತುಳಸಿಗೇರಿಯಲ್ಲಿವೆ. ಬಣ್ಣ, ಅಚ್ಚು, ಹೊಲಿಗೆ ಬೆಂಗೇರಿಯಲ್ಲಿ, 1957ರಲ್ಲಿ ಆರಂಭವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ. 6300×4200 ಮಿಲಿಮೀಟರಿನಿಂದ 150×100ರವರೆಗೆ ಒಂಬತ್ತು ಅಳತೆಗಳು. ಚಕ್ರದ 24 ಅರಗಳ ಅಚ್ಚು ಎರಡೂ ಮಗ್ಗುಲಲ್ಲಿ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಹಗ್ಗ ಪೋಣಿಸುವ ಪಟ್ಟಿಗೆ ಬೇರೆಯೇ ದಪ್ಪ ಖಾದಿ.

ಸರಕಿನ ಬಾಣ ಇಷ್ಟು ಸಲೀಸು. ತೊಡಕಿರುವುದು ಕೆಂಪು ಬಾಣದಲ್ಲಿ.

ಧ್ವಜ ಬಿಕರಿಯಾಗುವುದು ಹೆಚ್ಚಾಗಿ ಆಗಸ್ಟ್ 15 ಮತ್ತು ಜನವರಿ 26ರ ಆಸುಪಾಸಿನಲ್ಲಿ. ನೂಲುವ ಕೆಲಸವಾದರೋ ವರ್ಷವಿಡೀ ನಡೆಯಬೇಕು. ನೂಲುವವರು ಬಹುಪಾಲು ಹೆಂಗಸರು, ಕೂಲಿ ನೂಲಿನ ಲಡಿಯ ಲೆಕ್ಕದಲ್ಲಿ. ನಡುವಿನ ತಿಂಗಳುಗಳಲ್ಲಿ ಸಂಘದ ಬಂಡವಾಳವೆಲ್ಲ ಗೋದಾಮಿನಲ್ಲಿ ಕೂತಿರುತ್ತದೆ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಹಾಗೂ ಯಂತ್ರದ ಬಟ್ಟೆಯ ಧ್ವಜಗಳಿಗೂ ಒಪ್ಪಿಗೆ ಸಿಕ್ಕಿತು. ಮರುವರ್ಷ ಮನೆಮನೆಯಲ್ಲೂ ತ್ರಿವರ್ಣ ಹಾರಿದರೂ ಬೆಂಗೇರಿಯವರು ಬೇಡಿಕೆ ಕುಸಿಯಿತೆಂದು ಪ್ರತಿಭಟಿಸಬೇಕಾಯಿತು.

ಈ ಸುದ್ದಿಯ ನೀಲಿ ಬಾಣವನ್ನು ಹಿಂಬಾಲಿಸಿದರೆ ಒಂದು ಸುಳಿ ಕಾಣುತ್ತದೆ. ಬೇಡಿಕೆ ಇಳಿದರೆ ಲಡಿ ಕೊಳ್ಳುವುದು ಕಮ್ಮಿ. ಕೂಲಿ ಸಾಲದೆ ನೂಲುವಾಕೆ ಬೇರೆ ಕೆಲಸ ಹಿಡಿಯುತ್ತಾಳೆ. ಮುಂದೆ ಬೇಡಿಕೆ ಬಂದರೂ ಸಾಕಷ್ಟು ನೂಲಿರುವುದಿಲ್ಲ. ಗಿರಾಕಿ ಪಾಲಿಯೆಸ್ಟರಿಗೇ ಹೋಗುತ್ತಾನೆ. ನೂಲುವಾಕೆಗೆ ಹೊಸ ಚರಕ ಕೊಡಿಸಿದ ಮಾತ್ರಕ್ಕೆ ಈ ಸುಳಿ ನಿಲ್ಲದು. ಸರ್ಕಾರಿ ಕಚೇರಿಗಳು ಧ್ವಜಗಳನ್ನು ವರ್ಷದುದ್ದಕ್ಕೂ ಕಂತಿನಲ್ಲಿ ಖರೀದಿಸಿ, ಮುಂಗಡ ಕೊಟ್ಟರೆ ಲಡಿಯ ಲೆಕ್ಕ ಸರಿಹೋದೀತು.

ವೃತ್ತದಲ್ಲಿ ಇನ್ನೂ ಎರಡು ಕಡೆ ಬಿರುಕಿದೆ. ಧಾರವಾಡದ ಎರೆಹೊಲದ ಜಯಧರ ಹತ್ತಿ ಸಮೀಪದಲ್ಲೇ ಬೆಳೆಯುವಂಥದು. ಆದರೆ ಅದರ ಎಳೆ ಗಿಡ್ಡ. ಅದನ್ನು ಬಳಸಬೇಕಾದರೆ ಗಿಡ್ಡ ಎಳೆಗೆ ಒಗ್ಗುವ ಸಣ್ಣ ಹಂಜಿ ಘಟಕ ಊರಿನ ಹತ್ತಿರವೇ ಬೇಕು. ಇನ್ನೊಂದು ಬಿರುಕು ಹರಿದ ಧ್ವಜದ್ದು. ಅದನ್ನು ಖಾಸಗಿಯಾಗಿ, ಗೌರವದಿಂದ ಸುಟ್ಟೋ ಬೇರೆ ರೀತಿಯಲ್ಲೋ ಪೂರ್ತಿ ನಾಶಮಾಡಬೇಕೆಂದು ಸಂಹಿತೆ ಹೇಳುತ್ತದೆ. ಹತ್ತಿ ಬೂದಿಯಾಗಿ ಮಣ್ಣು ಸೇರುತ್ತದೆ. ಪಾಲಿಯೆಸ್ಟರ್ ಕರಗಿ ಅಂಟಾಗಿ ಉಳಿಯುತ್ತದೆ; ಅದರ ಬಾಣವನ್ನು ಎಲ್ಲಿಗೆ ಎಳೆಯಬೇಕೆಂದು ತಿದ್ದುಪಡಿ ತಿಳಿಸಿಲ್ಲ.