ಕೂಸಿನ ಸೊಂಟದ ಕೀಲನ್ನು ಕಾಲ ಮೀರುವ ಮುನ್ನ ನೋಡಿಸಿರಿ

(ನೀಲಗಿರಿ-ವಯನಾಡಿನ ತೋಟದ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ನಡೆಯಲು ತೊಡಗಿದ ಮಗು ಒಂದು ಕಡೆಗೆ ವಾಲಿದರೆ ನಮ್ಮ ಲೈನುಗಳಲ್ಲಿ ಮೊದಲು ಏಳುವ ಪ್ರಶ್ನೆ, "ಯಾರು ಬೀಳಿಸಿದರು?" ಎಂಬುದು. ಶಿಶುಮನೆಯ ಆಯಾಳ ಮೇಲೆ ಒಂದು ಮಾತು, ಬಸುರಿಯಾಗಿದ್ದಾಗ ಗ್ರಹಣ ನೋಡಿದಳೆಂದು ತಾಯಿಯ ಮೇಲೆ ಇನ್ನೊಂದು ಮಾತು. ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಇದು ಯಾರ ಪಾಪವೆಂದೇ ಕೇಳಿದರು. ಕರ್ತನು ಆ ಲೆಕ್ಕವನ್ನು ಬಿಟ್ಟು ಅವನಿಗೆ ದೃಷ್ಟಿ ಕೊಟ್ಟನು. ನಾವೂ ಈ ದಿನ ತಪ್ಪು ಹುಡುಕುವುದನ್ನು ಬಿಟ್ಟು ಕೀಲನ್ನು ನೋಡೋಣ.

ರುಬ್ಬುವ ಕಲ್ಲಿನ ಕುಳಿಯಲ್ಲಿ ಗುಂಡು ಕೂತಂತೆ ತೊಡೆಮೂಳೆಯ ತಲೆ ಸೊಂಟದ ಮೂಳೆಯ ಕುಳಿಯಲ್ಲಿ ಕೂತಿರುತ್ತದೆ. ಕೆಲವು ಕೂಸುಗಳಲ್ಲಿ ಕುಳಿ ಆಳವಾಗಿರುವುದಿಲ್ಲ. ಗುಂಡು ಸಡಿಲವಾಗುತ್ತದೆ, ಇಲ್ಲವೆ ಹೊರಗೇ ಜಾರುತ್ತದೆ. ಹೆಣ್ಣು ಕೂಸುಗಳಲ್ಲಿ, ಚೊಚ್ಚಲು ಮಕ್ಕಳಲ್ಲಿ, ಗರ್ಭದಲ್ಲಿ ತಲೆ ಮೇಲಾಗಿ ಇದ್ದವರಲ್ಲಿ, ಮನೆತನದಲ್ಲಿ ಈ ದೋಷವಿದ್ದವರಲ್ಲಿ ಇದು ಹೆಚ್ಚು. ಬಲಗಾಲಿಗಿಂತ ಎಡಗಾಲಲ್ಲಿ ಹೆಚ್ಚು. ಕೂಸಿಗೆ ನೋವಿಲ್ಲ, ಅದು ಅಳುವುದಿಲ್ಲ. ಆದುದರಿಂದಲೇ ಇದು ಕಣ್ತಪ್ಪಿ ಹೋಗುತ್ತದೆ.

ಕಂಡುಹಿಡಿಯುವುದು ಹೇಗೆ? ಹುಟ್ಟಿದ ಕೂಸಿನ ತೊಡೆಗಳನ್ನು ಮಡಿಸಿ ಮೆಲ್ಲಗೆ ಅಗಲಿಸಿದರೆ, ಜಾರಿದ ಗುಂಡು ಕುಳಿಗೆ ಮರಳುವುದು ವೈದ್ಯರ ಕೈಗೆ ತಿಳಿಯುತ್ತದೆ. ಇಟಲಿಯ ಮಕ್ಕಳ ವೈದ್ಯ ಓರ್ಟೊಲಾನಿ 1937ರಲ್ಲಿ ಈ ಪರೀಕ್ಷೆಯನ್ನು ವಿವರಿಸಿದರು. ಇದನ್ನು ಮನೆಯಲ್ಲಿ ನಾವು ಮಾಡಬಾರದು. ಆದರೆ ಸ್ನಾನ ಮಾಡಿಸುವಾಗ ತಾಯಂದಿರು ಮೂರು ಸಂಗತಿ ನೋಡಬಹುದು: ಎರಡು ತೊಡೆಗಳೂ ಸಮನಾಗಿ ಅಗಲುತ್ತವೆಯೇ? ಮಲಗಿಸಿ ಕಾಲು ಮಡಿಸಿದಾಗ ಒಂದು ಮಂಡಿ ತಗ್ಗಾಗಿ ಕಾಣುತ್ತದೆಯೇ? ತೊಡೆಯ ಮಡಿಕೆಗಳು ಎರಡೂ ಕಡೆ ಒಂದೇ ತೆರನಾಗಿವೆಯೇ? ಮಡಿಕೆ ಬೇರೆ ಇದ್ದ ಮಾತ್ರಕ್ಕೆ ರೋಗವೆಂದಲ್ಲ. ತೋರಿಸಿದರೆ ಸಂಶಯ ತೀರುತ್ತದೆ. 4-6 ತಿಂಗಳ ತನಕ ಮೂಳೆ ಎಳೆಯದಾದ್ದರಿಂದ ಸ್ಕ್ಯಾನ್ ಮಾಡುತ್ತಾರೆ, ಆಮೇಲೆ ಎಕ್ಸ್‌ರೇ. ಗರ್ಭದಲ್ಲಿ ತಲೆ ಮೇಲಾಗಿದ್ದ ಕೂಸು ಚೆನ್ನಾಗಿಯೇ ಕಂಡರೂ ಸುಮಾರು 6 ವಾರಕ್ಕೆ ಸ್ಕ್ಯಾನ್ ಮಾಡಿಸುವುದು ಒಳಿತು.

ಚಿಕಿತ್ಸೆ ವಯಸ್ಸಿನೊಂದಿಗೆ ಭಾರವಾಗುತ್ತಾ ಹೋಗುತ್ತದೆ. 6 ತಿಂಗಳ ಒಳಗೆ ಸಿಕ್ಕಿದರೆ ಪಾವ್ಲಿಕ್ ಎಂಬ ಬಟ್ಟೆಯ ಪಟ್ಟಿ ಸಾಕಾಗಬಹುದು. ಅದು ಕಾಲುಗಳನ್ನು ಮಡಿಸಿ ಅಗಲವಾಗಿ ಹಿಡಿದಿಡುತ್ತದೆ. ಕೆಲವು ವಾರ ಹಗಲೂ ರಾತ್ರಿ ಇರಬೇಕು. ಕೂಸು ಕೈಕಾಲು ಆಡಿಸುತ್ತಲೇ ಗುಣವಾಗುತ್ತದೆ. ಆ ಕಾಲ ಮೀರಿದರೆ ಅರಿವಳಿಕೆ ಕೊಟ್ಟು ಕೀಲು ಕೂರಿಸಿ, ಎದೆಯ ಕೆಳಗಿನಿಂದ ಕಾಲಿನವರೆಗೆ ತಿಂಗಳುಗಟ್ಟಲೆ ಪ್ಲಾಸ್ಟರ್. ಒಂದೂವರೆ ವರ್ಷ ದಾಟಿದರೆ ಬಹುಮಟ್ಟಿಗೆ ಆಪರೇಷನ್ನೇ. ಮೂಳೆಯನ್ನೂ ಕತ್ತರಿಸಿ ಜೋಡಿಸಬೇಕಾಗಬಹುದು. ಮೊದಲಲ್ಲಿ ಬಟ್ಟೆಯ ಪಟ್ಟಿಯಿಂದ ಆಗುವ ಕೆಲಸಕ್ಕೆ ಕೊನೆಯಲ್ಲಿ ಕತ್ತಿ ಬೇಕಾಗುತ್ತದೆ. ಗುಣವಾದ ಮೇಲೂ ಬೆಳವಣಿಗೆ ಮುಗಿಯುವ ತನಕ ವೈದ್ಯರು ಕರೆದಾಗಲೆಲ್ಲ ಹೋಗಬೇಕು.

ತಾಯಂದಿರೇ, ಅಜ್ಜಿಯರೇ, ಕಾಲು ನೆಟ್ಟಗಾಗಲೆಂದು ಕೂಸಿನ ಕಾಲುಗಳನ್ನು ಜೋಡಿಸಿ ಬಿಗಿಯಾಗಿ ಸುತ್ತಬೇಡಿರಿ, ಎಣ್ಣೆ ಹಚ್ಚಿ ಜಗ್ಗಬೇಡಿರಿ. ಜಪಾನಿನಲ್ಲಿ ಕೂಸಿನ ಕಾಲನ್ನು ನೀಳವಾಗಿ ಕಟ್ಟಿಡಬಾರದೆಂದು 1975ರ ಸುಮಾರಿಗೆ ಪ್ರಚಾರ ನಡೆದ ಮೇಲೆ ಈ ರೋಗ ಬಹಳವಾಗಿ ಇಳಿಯಿತು. ಕಾಲು ಅಗಲಿಸಿ ಸೊಂಟದ ಮೇಲೆ ಕೂರಿಸಿ ಎತ್ತಿಕೊಳ್ಳುವ ನಮ್ಮ ಹಳೆಯ ರೂಢಿ ಕೀಲಿಗೆ ಒಳ್ಳೆಯದೇ.

ದೊಡ್ಡವರ ಮಾತೂ ಇದೆ. ಏರಿನಲ್ಲಿ ಸೊಪ್ಪು ಕೀಳುವ ಅಕ್ಕ ಮೂವತ್ತರ ಮೇಲೆ ತೊಡೆಸಂದಿನಲ್ಲಿ ನೋವೆಂದು ಕೂತರೆ ಅದನ್ನು ಮೈಗಳ್ಳತನ ಎನ್ನಬೇಡಿರಿ. ಚಿಕ್ಕಂದಿನಲ್ಲಿ ಯಾರೂ ಕಾಣದೆ ಹೋದ ಆಳವಿಲ್ಲದ ಕುಳಿ ಈಗ ಸವೆಯುತ್ತಿರಬಹುದು. ಎಕ್ಸ್‌ರೇ ತೆಗೆಸಿರಿ. ಸವೆತ ಹೆಚ್ಚಿಲ್ಲದಿದ್ದರೆ ಕುಳಿಯ ಮೂಳೆಯನ್ನು ಬಿಡಿಸಿ ತಿರುಗಿಸಿ ಕೂರಿಸುವ ಆಪರೇಷನ್ ಇದೆ. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಗಾನ್ಜ್ ಎಂಬ ವೈದ್ಯರು 1984ರಲ್ಲಿ ಇದನ್ನು ಆರಂಭಿಸಿದರು. ಪೂರ್ತಿ ಸವೆದಿದ್ದರೆ ಕೀಲನ್ನೇ ಬದಲಾಯಿಸುತ್ತಾರೆ. ಅದುವರೆಗೆ ಸಮತಟ್ಟಿನ ಹಗುರ ಕೆಲಸ ಕೇಳುವುದು ಸಂಘದ ಕರ್ತವ್ಯ.

ಖರ್ಚಿನ ಭಯದಿಂದ ಹಿಂಜರಿಯಬೇಡಿರಿ. 2013ರಲ್ಲಿ ಆರಂಭವಾದ ಕೇಂದ್ರ ಸರಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಈ ಸೊಂಟದ ದೋಷವೂ ಸೇರಿದೆ. ಹುಟ್ಟಿದಂದಿನಿಂದ 18 ವರ್ಷದ ತನಕ ತಪಾಸಣೆಯೂ ಚಿಕಿತ್ಸೆಯೂ ಉಚಿತ. ಆಶಾ ಕಾರ್ಯಕರ್ತೆಯನ್ನಾಗಲಿ ಸರಕಾರಿ ಆಸ್ಪತ್ರೆಯನ್ನಾಗಲಿ ಕೇಳಿರಿ.

ಆದರೂ ನಿಜವಾದ ತೊಡಕು ಹಾಜರಿ. ಪ್ಲಾಸ್ಟರಿನಲ್ಲಿರುವ ಮಗುವನ್ನು ಬಿಟ್ಟು ತಾಯಿ ಹೇಗೆ ಕೆಲಸಕ್ಕೆ ಹೋಗುವಳು? ದಿನದ ಕೂಲಿ ಹೋಗುವುದೆಂದು ಪಟ್ಟಿಯನ್ನು ಅರ್ಧಕ್ಕೆ ಬಿಚ್ಚಿದರೆ ಮಗುವಿನ ನಡಿಗೆಯೇ ಹೋಗುತ್ತದೆ. ಇಲ್ಲಿಯೇ ನಾವು ಒಬ್ಬರ ಹೊರೆಯನ್ನು ಒಬ್ಬರು ಹೊರಬೇಕು. ಪಕ್ಕದ ಮನೆಯವರು ಸರದಿಯಂತೆ ಮಗುವನ್ನು ನೋಡಿಕೊಳ್ಳಲಿ. ಆಸ್ಪತ್ರೆಯ ದಿನದ ರಜೆಗೆ ಸಂಘದವರಾದ ನಾವು ಮ್ಯಾನೇಜರರ ಬಳಿಗೆ ಜೊತೆಗೆ ಬರುತ್ತೇವೆ.

ಯೋನಾತಾನನ ಮಗ ಮೆಫೀಬೋಶೆತನು ಐದು ವರ್ಷದವನಿದ್ದಾಗ ದಾದಿಯ ಕೈಯಿಂದ ಬಿದ್ದು ಕುಂಟನಾದನು. ದಾವೀದನು ಅವನನ್ನು ಕರೆಸಿ ತನ್ನ ಪಂಕ್ತಿಯಲ್ಲಿಯೇ ಊಟಕ್ಕೆ ಕೂರಿಸಿದನು. ಕುಂಟುವವರಿಗೆ ನಮ್ಮ ನಡುವೆಯೂ ಆ ಸ್ಥಾನವಿರಲಿ. ಕುಂಟದಂತೆ ತಡೆಯಬಹುದಾದ ಕೂಸುಗಳನ್ನು ಕಾಲ ಮೀರುವ ಮುನ್ನ ಕರೆದೊಯ್ಯೋಣ. 6, 10, 14 ವಾರಗಳ ಚುಚ್ಚುಮದ್ದಿಗೆ ಹೇಗೂ ಹೋಗುತ್ತೀರಿ. ಆ ಮೂರು ಸಾರಿಯೂ, "ಸಿಸ್ಟರ್, ಸೊಂಟವನ್ನೂ ಒಂದು ಸಲ ನೋಡಿರಿ" ಎಂದು ಬಾಯಿಬಿಟ್ಟು ಕೇಳಿರಿ.

ದೇವರು ನಿಮ್ಮ ಮಕ್ಕಳನ್ನು ಆಶೀರ್ವದಿಸಲಿ.